ಒಂದು ಗೇಣು ನೀರಿನ ಲೆಕ್ಕ

ಪೈಪಿನಲ್ಲಿ ಒಲೆಗೆ ಬರುವ ನೈಸರ್ಗಿಕ ಅನಿಲದ ಒತ್ತಡ ಎಷ್ಟು? ಒಂದು ಗೇಣು ನೀರು. ಸಿಲಿಂಡರಿನ ರೆಗ್ಯುಲೇಟರ್ ದಾಟಿ ಬರುವ ಎಲ್‌ಪಿಜಿಯದು? ಒಂದು ಅಡಿ ನೀರು. ಎಂಜಿನಿಯರುಗಳ ಕಾಗದದಲ್ಲಿ ಮೊದಲನೆಯದು 21 ಮಿಲಿಬಾರ್, ಎರಡನೆಯದು ಚದರ ಸೆಂಟಿಮೀಟರಿಗೆ 30 ಗ್ರಾಂ. ಗೇಣು, ಅಡಿ ಎಂದರೆ ಅಜ್ಜಿಯ ಕೈಯಳತೆಯ ಅಂದಾಜು ಎಂದುಕೊಳ್ಳಬೇಕಿಲ್ಲ. ನೀರು ತುಂಬಿದ ಬಾಗಿದ ಪಾರದರ್ಶಕ ಕೊಳವೆಯೊಂದನ್ನು ಆ ಗ್ಯಾಸಿಗೆ ಜೋಡಿಸಿದರೆ, ಅದರ ಎರಡು ಕಡೆಯ ನೀರಿನ ಮಟ್ಟಗಳ ಅಂತರ ನಿಜವಾಗಿಯೂ 21 ಸೆಂಟಿಮೀಟರಿಗೆ ತುಸು ಹೆಚ್ಚು, ಇಲ್ಲವೇ ಸುಮಾರು 30 ಸೆಂಟಿಮೀಟರ್ ಆಗಿ ನಿಲ್ಲುತ್ತದೆ. ಆ ಕೊಳವೆಗೆ ಮ್ಯಾನೋಮೀಟರ್ ಎಂದು ಹೆಸರು.

ಉತ್ತರ ಬೆಂಗಳೂರಿನಲ್ಲಿ ಯಲಹಂಕದಿಂದ ಹೆಬ್ಬಾಳದವರೆಗೆ, ಅಲ್ಲಿಂದ ಯಶವಂತಪುರದವರೆಗೆ ಎದ್ದಿರುವ ಅಪಾರ್ಟ್‌ಮೆಂಟುಗಳಲ್ಲಿ ಗ್ಯಾಸ್ ಪೈಪು ಈಗ ನೀರಿನ ಪೈಪಿನಷ್ಟೇ ಸಾಮಾನ್ಯ. ಕೆಲವು ಕಡೆ ಆವರಣದ ಮೂಲೆಯಲ್ಲೇ ಸಿಲಿಂಡರುಗಳ ಸಾಲು, ಅಂದರೆ ಗ್ಯಾಸ್ ಬ್ಯಾಂಕ್ ಇರುತ್ತದೆ. ಇನ್ನು ಕೆಲವು ಕಡೆ ಬೀದಿಯಡಿಯಿಂದಲೇ ನೈಸರ್ಗಿಕ ಅನಿಲ. ಅದು ಬಂದ ದಾರಿ ಸಣ್ಣದಲ್ಲ. ಮಹಾರಾಷ್ಟ್ರದ ದಾಭೋಲ್‌ನಿಂದ ಬೆಂಗಳೂರಿನ ಕಡೆಗೆ ಸಾವಿರ ಕಿಲೋಮೀಟರಿನಷ್ಟು ಉದ್ದದ ಗೇಲ್ ಕೊಳವೆ ಮಾರ್ಗ 2013ರಲ್ಲಿ ಚಾಲನೆಗೆ ಬಂತು. ನಗರದೊಳಗಿನ ವಿತರಣೆ ಗೇಲ್ ಗ್ಯಾಸ್ ಕಂಪನಿಯದು. ದೊಡ್ಡ ಉಕ್ಕಿನ ಕೊಳವೆಗಳಲ್ಲಿ ಒತ್ತಡ ಹತ್ತಾರು ಬಾರ್. ಬಡಾವಣೆಯ ಬೀದಿಯಡಿಯ ಹಳದಿ ಬಣ್ಣದ ಪ್ಲಾಸ್ಟಿಕ್ ಕೊಳವೆಗಳಿಗೆ ಇಳಿಯುವಾಗ ಅದು ಸುಮಾರು 4 ಬಾರ್. ಕಟ್ಟಡದ ಗೋಡೆಯ ರೆಗ್ಯುಲೇಟರ್ ಅದನ್ನು 100 ಮಿಲಿಬಾರಿಗೆ ತಗ್ಗಿಸುತ್ತದೆ. ಮೀಟರಿನ ಬಳಿ ಇರುವ ಇನ್ನೊಂದು ರೆಗ್ಯುಲೇಟರ್ 21ಕ್ಕೆ ಇಳಿಸಿ ಒಲೆಗೆ ಬಿಡುತ್ತದೆ. 4 ಬಾರ್ ಎಂದರೆ 40 ಮೀಟರ್ ನೀರು. ಅಲ್ಲಿಂದ ಒಂದು ಗೇಣಿಗೆ!

ಈ ಇಳಿತ ಸರಿಯಾಗಿ ಆಗಿದೆಯೇ, ಗೋಡೆಯ ಮೇಲೆ ಹಾದ ಪೈಪಿನ ಯಾವುದಾದರೂ ಜಾಯಿಂಟಿನಲ್ಲಿ ಸೋರಿಕೆ ಇದೆಯೇ ಎಂದು ನೋಡುವಾಗ ಮುಳ್ಳಿನ ಗೇಜನ್ನು ಮಾತ್ರ ನಂಬುವ ಫಿಟ್ಟರುಗಳಿದ್ದಾರೆ. ತಪ್ಪು ಶುರುವಾಗುವುದೇ ಅಲ್ಲಿ. ನೀರಿನ ಪಂಪಿಗೋ ಕಂಪ್ರೆಸರಿಗೋ ಹಾಕುವ, ಚದರ ಸೆಂಟಿಮೀಟರಿಗೆ 7 ಕೆಜಿವರೆಗೆ ಅಳೆಯುವ ಗೇಜಿನಲ್ಲಿ ಒಂದು ಸಣ್ಣ ಗೆರೆಗೆ 0.1 ಕೆಜಿ ಎಂದಿಟ್ಟುಕೊಳ್ಳೋಣ. ಆ ಒಂದು ಗೆರೆಯೇ ಒಂದು ಮೀಟರ್ ನೀರಿಗೆ ಸಮ. ಒಲೆಗೆ ಬರುವ ಇಡೀ ಒತ್ತಡ ಆ ಗೆರೆಯ ಐದನೇ ಒಂದು ಭಾಗ. ಗ್ಯಾಸ್ ಇದ್ದರೂ ಇಲ್ಲದಿದ್ದರೂ ಮುಳ್ಳು ಸೊನ್ನೆಯ ಬಳಿಯೇ ಕೂತಿರುತ್ತದೆ. ಪೈಪು ಗಟ್ಟಿಯಾಗಿದೆಯೇ ಎಂದು ಹೆಚ್ಚಿನ ಒತ್ತಡ ಹಾಕಿ ನೋಡುವ ಮೊದಲ ಹಂತಕ್ಕೆ ಆ ಗೇಜು ಸಾಕು. ಸೂಕ್ಷ್ಮ ಸೋರಿಕೆ ಹಿಡಿಯುವ ಕೆಲಸ ಅದರದಲ್ಲ.

ಮ್ಯಾನೋಮೀಟರಿನ ಅರ್ಧ ಪಾಠ ಕಟ್ಟಡ ಕಟ್ಟುವ ಮೇಸ್ತ್ರಿಗಳ ಕೈಯಲ್ಲಿ ಆಗಲೇ ಇದೆ. ಅವರ ಲೆವೆಲ್ ಪೈಪಿನ ಎರಡೂ ತುದಿ ಗಾಳಿಗೆ ತೆರೆದಿರುವುದರಿಂದ ನೀರು ಎರಡೂ ಕಡೆ ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಅದೇ ಪೈಪಿನ ಒಂದು ತುದಿಗೆ ಬಾಯಿಟ್ಟು ಊದಿದರೆ ಆ ಕಡೆಯ ನೀರು ಇಳಿದು, ಇನ್ನೊಂದು ಕಡೆಯದು ಏರುತ್ತದೆ. ಎರಡು ಮಟ್ಟಗಳ ನಡುವಿನ ಎತ್ತರದಲ್ಲಿರುವ ನೀರಿನ ಭಾರವನ್ನು ಊದಿದ ಗಾಳಿ ಹೊತ್ತು ನಿಂತಿದೆ. ಆ ಎತ್ತರ, ನೀರಿನ ಸಾಂದ್ರತೆ, ಭೂಮಿಯ ಗುರುತ್ವ, ಈ ಮೂರನ್ನು ಗುಣಿಸಿದರೆ ಒತ್ತಡ ಸಿಕ್ಕಿತು. ಕೊಳವೆ ದಪ್ಪಗಿದೆಯೋ ಸಣ್ಣಗಿದೆಯೋ, ನೀರು ಎಷ್ಟು ಹಾಕಿದರು, ಬಣ್ಣ ಕೆಂಪೋ ಹಸಿರೋ, ಇವು ಯಾವುವೂ ಲೆಕ್ಕಕ್ಕೆ ಬರುವುದಿಲ್ಲ. ಸ್ಪ್ರಿಂಗ್ ಇಲ್ಲ, ಹಲ್ಲುಚಕ್ರ ಇಲ್ಲ, ಸವೆಯುವ ಭಾಗವೇ ಇಲ್ಲ. ಬೆಂಗಳೂರಿನಲ್ಲಿ ಗುರುತ್ವ ಪ್ರಮಾಣಿತ ಮೌಲ್ಯಕ್ಕಿಂತ ಶೇ. 0.3ರಷ್ಟು ಕಡಿಮೆ ಎಂಬುದು ಪ್ರಯೋಗಾಲಯದವರಿಗೆ ಮುಖ್ಯ. ಅಡುಗೆಮನೆಯಲ್ಲಿ ಅದು ಅರ್ಧ ಮಿಲಿಮೀಟರಿನ ಮಾತು.

ಡಚ್ ವಿಜ್ಞಾನಿ ಕ್ರಿಶ್ಚಿಯಾನ್ ಹೈಗನ್ಸ್ 1661ರಲ್ಲಿ ಇಂಥ ಬಾಗಿದ ಕೊಳವೆಯನ್ನು ಬಳಸಿದ. ಮರುವರ್ಷವೇ ರಾಬರ್ಟ್ ಬಾಯ್ಲ್, ಒಂದು ತುದಿ ಮುಚ್ಚಿದ ಕೊಳವೆಗೆ ಪಾದರಸ ಸುರಿದು, ಒತ್ತಡ ಎರಡು ಪಟ್ಟಾದರೆ ಗಾಳಿಯ ಗಾತ್ರ ಅರ್ಧವಾಗುತ್ತದೆ ಎಂಬ ನಿಯಮವನ್ನು ಪ್ರಕಟಿಸಿದ. ಮೂರೂವರೆ ಶತಮಾನ ದಾಟಿದರೂ ಉಪಕರಣದ ರೂಪ ಬದಲಾಗಿಲ್ಲ.

ಸೋರಿಕೆ ಪರೀಕ್ಷೆಯಲ್ಲಿ ಈ ಕೊಳವೆ ಎಷ್ಟು ಚುರುಕು ಎಂಬುದಕ್ಕೆ ಒಂದು ಲೆಕ್ಕ ನೋಡಬಹುದು. ಫ್ಲಾಟಿನೊಳಗಿನ ಗ್ಯಾಸ್ ಪೈಪು ಹತ್ತು ಮೀಟರ್ ಉದ್ದ, ಒಳವ್ಯಾಸ 15 ಮಿಲಿಮೀಟರ್ ಇದ್ದರೆ ಅದರ ಒಟ್ಟು ಗಾತ್ರ 1.8 ಲೀಟರಿನಷ್ಟು. ವಾಲ್ವುಗಳನ್ನೆಲ್ಲ ಮುಚ್ಚಿ, ಕೈಪಂಪಿನಿಂದ ಗಾಳಿ ತುಂಬಿ, ಮ್ಯಾನೋಮೀಟರ್ ಜೋಡಿಸಿ ಬಿಟ್ಟಾಗ ನೀರಿನ ಅಂತರ 5 ಮಿಲಿಮೀಟರ್ ಕಡಿಮೆಯಾಯಿತು ಎಂದಿಟ್ಟುಕೊಳ್ಳಿ. ಹೊರಗೆ ಹೋದ ಗಾಳಿ ಹೆಚ್ಚುಕಡಿಮೆ ಒಂದು ಮಿಲಿಲೀಟರ್! ಮೂಗಿಗೆ ಗೊತ್ತಾಗದ, ಸೋಪು ನೀರಿನ ಗುಳ್ಳೆಯೂ ನಿಧಾನವಾಗಿ ಏಳುವ ಸೋರಿಕೆಯನ್ನು ಬರಿಗಣ್ಣಿಗೆ ತೋರಿಸುವ ಶಕ್ತಿ ಎರಡು ಮಾರು ಪ್ಲಾಸ್ಟಿಕ್ ಟ್ಯೂಬಿಗಿದೆ. ಸೋರಿಕೆ ಇದೆಯೇ ಎಂಬುದನ್ನು ಮ್ಯಾನೋಮೀಟರ್ ಹೇಳುತ್ತದೆ, ಎಲ್ಲಿದೆ ಎಂಬುದನ್ನು ಸೋಪು ನೀರು ಹೇಳುತ್ತದೆ. ಒಂದರ ಕೆಲಸ ಇನ್ನೊಂದರಿಂದ ಆಗುವುದಿಲ್ಲ.

ಆದರೆ ಈ ಚುರುಕುತನವೇ ತೊಡಕೂ ಹೌದು. ಮುಚ್ಚಿದ ಪೈಪಿನೊಳಗಿನ ಗಾಳಿ ಒಂದೇ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದರ ಒತ್ತಡ ಸುಮಾರು ಮುನ್ನೂರನೇ ಒಂದು ಭಾಗ ಏರುತ್ತದೆ. ಈ ಮುನ್ನೂರನೇ ಒಂದು ಭಾಗ 21 ಮಿಲಿಬಾರಿನದಲ್ಲ. ಅದಕ್ಕೆ ಸುತ್ತಲಿನ ವಾತಾವರಣದ ಒತ್ತಡವನ್ನೂ ಸೇರಿಸಿದ ಸುಮಾರು 930 ಮಿಲಿಬಾರಿನದು. ಅಂದರೆ 3 ಮಿಲಿಬಾರ್, ನೀರಿನಲ್ಲಿ 31 ಮಿಲಿಮೀಟರ್. ಐದು ಮಿಲಿಮೀಟರಿನ ಸೋರಿಕೆ ಹುಡುಕಲು ಹೊರಟವರಿಗೆ, ಒಂದು ಡಿಗ್ರಿ ಬಿಸಿಲು ಅದರ ಆರು ಪಟ್ಟು ದಾರಿ ತಪ್ಪಿಸುತ್ತದೆ. ಪೈಪು ಹೊರಗೋಡೆಯ ಮೇಲೆ ಹಾದಿದ್ದು, ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಪರೀಕ್ಷೆ ನಡೆದರೆ, ಬಿಸಿಲಿಗೆ ಹಿಗ್ಗಿದ ಗಾಳಿ ಸೋರಿಕೆಯನ್ನು ಮುಚ್ಚಿಹಾಕಬಹುದು. ಸಂಜೆ ಮಾಡಿದರೆ, ಸೋರಿಕೆಯೇ ಇಲ್ಲದ ಪೈಪಿನಲ್ಲೂ ನೀರು ಇಳಿದು ಫಿಟ್ಟರ್ ಇಡೀ ಲೈನ್ ಬಿಚ್ಚಬೇಕಾದೀತು. ಕಸುಬು ಬಲ್ಲವರು ಗಾಳಿ ತುಂಬಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಬಿಡುತ್ತಾರೆ. ಪಂಪು ಹೊಡೆದಾಗ ಬಿಸಿಯಾದ ಗಾಳಿ ಪೈಪಿನ ತಂಪಿಗೆ ಬರಬೇಕು. ಆಮೇಲೆ ಗುರುತು ಹಾಕಿ, ಗಡಿಯಾರ ನೋಡಿ, ಕಾಯಬೇಕು. ಇದು ಆತುರದ ಕೆಲಸವಲ್ಲ. ಒಂದು ದಿನಕ್ಕೆ ಇಷ್ಟು ಫ್ಲಾಟು ಮುಗಿಸಬೇಕು ಎಂಬ ಕಂಟ್ರಾಕ್ಟಿನಲ್ಲಿ ಮೊದಲು ಕತ್ತರಿ ಬೀಳುವುದು ಈ ಕಾಯುವ ಹೊತ್ತಿಗೇ.

ಓದುವುದರಲ್ಲೂ ತಪ್ಪಾಗುತ್ತದೆ. ನೀರು ಏರಿದ ಕಡೆಯ ಸ್ಕೇಲನ್ನು ಮಾತ್ರ ಸೊನ್ನೆಯಿಂದ ನೋಡಿ ಬರೆದುಕೊಂಡರೆ ಅರ್ಧ ಒತ್ತಡ ಮಾತ್ರ ಸಿಗುತ್ತದೆ. ಏರಿದ್ದನ್ನೂ ಇಳಿದಿದ್ದನ್ನೂ ಕೂಡಿಸಬೇಕು. ಗಾಜಿನ ಕೊಳವೆಯಲ್ಲಿ ನೀರಿನ ಮೇಲ್ಮೈ ಬಟ್ಟಲಿನಂತೆ ತಗ್ಗಿರುವುದರಿಂದ ಅದರ ತಳವನ್ನು ಓದಬೇಕು. ಪಾದರಸದ ಮೇಲ್ಮೈ ಉಬ್ಬಿರುವುದರಿಂದ ಅಲ್ಲಿ ನೆತ್ತಿಯನ್ನು ಓದಬೇಕು. ಕಣ್ಣು ಆ ಮಟ್ಟಕ್ಕೇ ಇರಬೇಕು. ಕೊಳವೆಯಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡಿದ್ದರೆ ಎಲ್ಲ ಲೆಕ್ಕವೂ ಕೆಟ್ಟಿತು.

ಗೇಣಿಗೂ ಅಡಿಗೂ ಇರುವ ವ್ಯತ್ಯಾಸ ಒಲೆಯ ಉರಿಯಲ್ಲೇ ಕಾಣುತ್ತದೆ. ಒಂದು ಘನ ಮೀಟರ್ ಎಲ್‌ಪಿಜಿ ಕೊಡುವ ಶಾಖ ಅಷ್ಟೇ ಗಾತ್ರದ ನೈಸರ್ಗಿಕ ಅನಿಲದ ಎರಡೂವರೆ ಪಟ್ಟಿಗಿಂತ ಹೆಚ್ಚು. ಹಾಗಾಗಿ ಸಿಲಿಂಡರಿನ ಒಲೆಯನ್ನು ಪೈಪ್ ಗ್ಯಾಸಿಗೆ ಬದಲಿಸುವಾಗ ಬರ್ನರಿನ ಜೆಟ್ಟನ್ನು ದೊಡ್ಡ ರಂಧ್ರದ್ದಕ್ಕೆ ಬದಲಾಯಿಸುತ್ತಾರೆ. ಇಷ್ಟಾದ ಮೇಲೂ ಉರಿ ಸಣ್ಣದಾಗಿ ಬಂದರೆ ಮನೆಯವರು ಜೆಟ್ಟನ್ನೋ ಒಲೆಯನ್ನೋ ದೂರುತ್ತಾರೆ. ಆ ಹೊತ್ತಿಗೆ ಒಲೆಯ ಹಿಂದೆ ಮ್ಯಾನೋಮೀಟರ್ ಇಟ್ಟು ಎಲ್ಲ ಬರ್ನರುಗಳನ್ನೂ ಹಚ್ಚಿ ನೋಡಿದರೆ ವಿಷಯ ಬಗೆಹರಿಯುತ್ತದೆ. ಒಲೆ ಆರಿದ್ದಾಗ ಸರಿಯಿದ್ದ ಒತ್ತಡ, ಎಲ್ಲ ಬರ್ನರ್ ಉರಿಯುವಾಗ ತೀರಾ ಕುಸಿದರೆ ದೋಷ ಪೈಪಿನದು ಇಲ್ಲವೇ ರೆಗ್ಯುಲೇಟರಿನದು. ಒಲೆಯದಲ್ಲ.

ಇಲ್ಲಿ ಉತ್ತರ ಬೆಂಗಳೂರಿಗೇ ಹೊಂದುವ ಎರಡು ಸಂಗತಿಗಳಿವೆ. ಹೆಬ್ಬಾಳದ ಸುತ್ತಮುತ್ತ ಮೂವತ್ತು ಮಹಡಿಯ ಗೋಪುರಗಳಿಗೆ ಈಗ ಕೊರತೆಯಿಲ್ಲ. ಮೇಲಿನ ಮಹಡಿಗೆ ನೀರು ಏರಿಸಲು ಪಂಪು ಬೇಕು. ಗ್ಯಾಸಿನದು ತದ್ವಿರುದ್ಧ. ನೈಸರ್ಗಿಕ ಅನಿಲ ಗಾಳಿಗಿಂತ ಹಗುರ. ನೇರವಾಗಿ ಮೇಲೇರುವ ಪೈಪಿನಲ್ಲಿ, ಅದೇ ಎತ್ತರದ ಹೊರಗಾಳಿಗೆ ಹೋಲಿಸಿದರೆ, ಗ್ಯಾಸಿನ ಒತ್ತಡ ಮೇಲೆ ಹೋದಂತೆ ಹೆಚ್ಚುತ್ತದೆ. 90 ಮೀಟರಿಗೆ ಈ ಹೆಚ್ಚಳ ಮೂರೂವರೆಯಿಂದ ನಾಲ್ಕು ಮಿಲಿಬಾರ್. 21ರ ಲೆಕ್ಕದಲ್ಲಿ ಇದು ಕಡೆಗಣಿಸುವ ಮಾತಲ್ಲ. ಪ್ರತಿ ಫ್ಲಾಟಿನ ಬಳಿಯೇ ರೆಗ್ಯುಲೇಟರ್ ಕೂರಿಸುವುದರಿಂದ ಒಲೆಯವರೆಗೆ ಈ ವ್ಯತ್ಯಾಸ ಬರುವುದಿಲ್ಲ. ಗಾಳಿಗಿಂತ ಭಾರವಾದ ಎಲ್‌ಪಿಜಿ ಇದಕ್ಕೆ ಪೂರ್ತಿ ವಿರುದ್ಧವಾಗಿ, ಮೇಲೆ ಹೋದಂತೆ ಒತ್ತಡ ಕಳೆದುಕೊಳ್ಳುತ್ತದೆ.

ಎರಡನೆಯದು ಊರಿನ ಎತ್ತರ. ಯಲಹಂಕದ ಆಚೆಗಿನ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ 915 ಮೀಟರ್ ಮೇಲಿದೆ. ಇಲ್ಲಿಯ ವಾತಾವರಣದ ಒತ್ತಡ 910 ಮಿಲಿಬಾರಿನ ಆಸುಪಾಸು. ಮಂಗಳೂರಿನಲ್ಲಿ ಅದು ಸುಮಾರು 1010. ಒಂದು ತುದಿ ಗಾಳಿಗೆ ತೆರೆದ ಮ್ಯಾನೋಮೀಟರ್ ಸುತ್ತಲಿನ ಗಾಳಿಗಿಂತ ಗ್ಯಾಸು ಎಷ್ಟು ಹೆಚ್ಚು ಒತ್ತುತ್ತಿದೆ ಎಂಬುದನ್ನಷ್ಟೇ ತೋರಿಸುತ್ತದೆ. ಎರಡೂ ಊರಿನಲ್ಲಿ ಅದು ತೋರಿಸುವುದು ಅದೇ ಒಂದು ಗೇಣು. ಆದರೆ ಒಟ್ಟು ಒತ್ತಡ ಇಲ್ಲಿ 931, ಅಲ್ಲಿ 1031. ಉಷ್ಣತೆ ಒಂದೇ ಇದ್ದರೆ, ಯಲಹಂಕದ ಮೀಟರ್ ಎಣಿಸುವ ಒಂದು ಘನ ಮೀಟರಿನಲ್ಲಿ ಮಂಗಳೂರಿನದಕ್ಕಿಂತ ಶೇ. 10ರಷ್ಟು ಕಡಿಮೆ ಗ್ಯಾಸು ಇರುತ್ತದೆ. ಬಿಲ್ಲಿನಲ್ಲಿ ಇದನ್ನು ಹೇಗೆ ಸರಿದೂಗಿಸಲಾಗಿದೆ ಎಂದು ಗ್ರಾಹಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ.

ಯಶವಂತಪುರದ ಮಗ್ಗುಲಿನ ಭಾರತೀಯ ವಿಜ್ಞಾನ ಸಂಸ್ಥೆಗೂ ಈ ಕೊಳವೆಗೂ ಹಳೆಯ ನಂಟು. ಊರ ಜನ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಆ ಸಂಸ್ಥೆಯ ಮೊದಲ ನಿರ್ದೇಶಕ ಮಾರಿಸ್ ಟ್ರಾವರ್ಸ್, ಅನಿಲಗಳನ್ನೇ ಬದುಕಾಗಿಸಿಕೊಂಡಿದ್ದ ರಸಾಯನ ವಿಜ್ಞಾನಿ. 1898ರಲ್ಲಿ ವಿಲಿಯಂ ರ‍್ಯಾಮ್ಸೆ ಜೊತೆ ಸೇರಿ ಕ್ರಿಪ್ಟಾನ್, ನಿಯಾನ್, ಕ್ಸೆನಾನ್ ಅನಿಲಗಳನ್ನು ಕಂಡುಹಿಡಿದವರು. ದ್ರವ ಹೈಡ್ರೋಜನ್ನಿನ ಉಷ್ಣತೆಯನ್ನು ಅನಿಲ ಉಷ್ಣಮಾಪಕದಿಂದ ಅಳೆದವರ ಪೈಕಿ ಅವರೂ ಒಬ್ಬರು. ಅನಿಲ ಉಷ್ಣಮಾಪಕ ಎಂದರೆ, ಗಾತ್ರ ಬದಲಾಗದಂತೆ ಹಿಡಿದಿಟ್ಟ ಅನಿಲ ಮತ್ತು ಅದರ ಒತ್ತಡ ಓದುವ ಪಾದರಸದ ಮ್ಯಾನೋಮೀಟರ್, ಅಷ್ಟೇ. ಗ್ಯಾಸ್ ಫಿಟ್ಟರನ್ನು ಕಾಡುವ, ಉಷ್ಣತೆಯೊಂದಿಗೆ ಒತ್ತಡ ಏರಿಳಿಯುವ ಗುಣವೇ ಅಲ್ಲಿ ಅಳತೆಯ ಆಧಾರ.

ಅದೇ ಆವರಣದಲ್ಲಿ 1942ರಲ್ಲಿ ವಿ.ಎಂ. ಘಾಟಗೆ ಅವರ ಮುಂದಾಳುತನದಲ್ಲಿ ವಿಮಾನಶಾಸ್ತ್ರದ ವಿಭಾಗ ಶುರುವಾಯಿತು. ಮುಂದೆ ಸತೀಶ್ ಧವನ್ ಅಲ್ಲಿ ಶಬ್ದಾತೀತ ವೇಗದ ಪುಟ್ಟ ಗಾಳಿ ಸುರಂಗ ಕಟ್ಟಿದರು. ಗಾಳಿ ಸುರಂಗದಲ್ಲಿ ವಿಮಾನದ ಮಾದರಿಯನ್ನು ನಿಲ್ಲಿಸಿ ಅದರ ಮೇಲೆ ಗಾಳಿ ಹಾಯಿಸುತ್ತಾರೆ. ಗಾಳಿಯ ವೇಗ ತಿಳಿಯುವುದು ಒತ್ತಡದಿಂದ. ಎದುರು ಗಾಳಿಗೆ ಬಾಯ್ತೆರೆದ ಪಿಟೋ ಕೊಳವೆಯೊಂದರ ಒತ್ತಡಕ್ಕೂ, ಪಕ್ಕದ ರಂಧ್ರದ ಒತ್ತಡಕ್ಕೂ ಇರುವ ಅಂತರವನ್ನು ಮ್ಯಾನೋಮೀಟರಿನಲ್ಲಿ ಓದಿ, ವರ್ಗಮೂಲ ತೆಗೆದು ವೇಗ ಲೆಕ್ಕ ಹಾಕುತ್ತಾರೆ. ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿ ಬೆಂಗಳೂರಿನ ತೆಳು ಹವೆಯಲ್ಲಿ ನೀರನ್ನು ಎತ್ತುವುದು ಐದು ಚಿಲ್ಲರೆ ಮಿಲಿಮೀಟರ್ ಮಾತ್ರ. ವೇಗ ಮೂರು ಪಟ್ಟಾದರೆ ಅದು ಒಂಬತ್ತು ಪಟ್ಟು, ಸುಮಾರು 49 ಮಿಲಿಮೀಟರ್. ಐದು ಮಿಲಿಮೀಟರನ್ನು ನಿಖರವಾಗಿ ಓದಲು ಕೊಳವೆಯನ್ನೇ ವಾಲಿಸುತ್ತಾರೆ. ಹತ್ತಕ್ಕೆ ಒಂದರ ಇಳಿಜಾರಿನಲ್ಲಿಟ್ಟರೆ ಐದು ಮಿಲಿಮೀಟರ್ ಏರಲು ದ್ರವ ಕೊಳವೆಯಲ್ಲಿ ಐದು ಸೆಂಟಿಮೀಟರ್ ಓಡಬೇಕಾಗುತ್ತದೆ. ಈ ಉಪಾಯಕ್ಕೆ ಖರ್ಚೇ ಇಲ್ಲ.

ಹಳೆಯ ಗಾಳಿ ಸುರಂಗಗಳ ನಿಜವಾದ ಸೊಗಸು ಹಲವು ಕೊಳವೆಗಳ ಮ್ಯಾನೋಮೀಟರ್. ರೆಕ್ಕೆಯ ಮೈಮೇಲೆ ಸಾಲಾಗಿ ಸೂಜಿರಂಧ್ರ ಕೊರೆದು, ಒಂದೊಂದಕ್ಕೂ ಒಂದು ರಬ್ಬರ್ ನಳಿಕೆ ಸಿಕ್ಕಿಸಿ, ಹಲಗೆಯ ಮೇಲೆ ಒತ್ತೊತ್ತಾಗಿ ನಿಲ್ಲಿಸಿದ ಹತ್ತಾರು ಗಾಜಿನ ಕೊಳವೆಗಳಿಗೆ ಜೋಡಿಸುತ್ತಿದ್ದರು. ಗಾಳಿ ಹಾಯಿಸಿದ ಕೂಡಲೇ ಬಣ್ಣದ ದ್ರವ ಒಂದೊಂದರಲ್ಲಿ ಒಂದೊಂದು ಎತ್ತರಕ್ಕೆ ನಿಂತು, ರೆಕ್ಕೆಯ ಮೇಲಿನ ಒತ್ತಡದ ನಕ್ಷೆ ತಾನಾಗಿಯೇ ಮೂಡುತ್ತಿತ್ತು. ಫೋಟೊ ಹಿಡಿದರೆ ದಾಖಲೆಯೂ ಆಯಿತು. ಈಗ ಆ ಜಾಗವನ್ನು ಎಲೆಕ್ಟ್ರಾನಿಕ್ ಸೆನ್ಸರುಗಳು ಹಿಡಿದಿವೆ. ಅವು ವೇಗ, ಸೂಕ್ಷ್ಮ, ಎಲ್ಲ ನಿಜ. ಆದರೂ ವಿದ್ಯಾರ್ಥಿಗೆ ರೆಕ್ಕೆ ಏಕೆ ಮೇಲೇಳುತ್ತದೆ ಎಂದು ಅರ್ಥ ಮಾಡಿಸಲು ಆ ಹಲಗೆಗಿಂತ ಒಳ್ಳೆಯದು ಇನ್ನೂ ಬಂದಿಲ್ಲ.

1974ರಲ್ಲಿ ಅಮೂಲ್ಯ ರೆಡ್ಡಿ ಅವರು ಸಂಸ್ಥೆಯಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಕಟ್ಟಿದರು. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಊರ ಸಗಣಿಯಿಂದ ಗ್ಯಾಸು, ಗ್ಯಾಸಿನಿಂದ ವಿದ್ಯುತ್ತು ತೆಗೆದು, ಮನೆಗಳಿಗೆ ದೀಪ ಮತ್ತು ಕೊಳವೆ ಬಾವಿಯ ನೀರು ಕೊಡುವ ಪ್ರಯೋಗ 1987ರಲ್ಲಿ ಆರಂಭವಾಗಿದ್ದು ಈ ಕೇಂದ್ರದಿಂದಲೇ. ಗೋಬರ್ ಗ್ಯಾಸಿನ ಜಗತ್ತಿನಲ್ಲಿ ಒತ್ತಡದ ಭಾಷೆ ಇವತ್ತಿಗೂ ನೀರಿನ ಸೆಂಟಿಮೀಟರೇ. ತೇಲುವ ಡ್ರಮ್ಮಿನ ಸ್ಥಾವರದಲ್ಲಿ ಒತ್ತಡ ಹುಟ್ಟುವುದು ಡ್ರಮ್ಮಿನ ತೂಕದಿಂದ: ಚದರ ಮೀಟರಿಗೆ ನೂರು ಕಿಲೋ ಭಾರ ಬಿದ್ದರೆ ಹತ್ತು ಸೆಂಟಿಮೀಟರ್ ನೀರು. ಗ್ಯಾಸು ಎಷ್ಟಿದ್ದರೂ ಒತ್ತಡ ಅಷ್ಟೇ. ಡ್ರಮ್ ಎಷ್ಟು ಮೇಲೆದ್ದಿದೆ ಎಂದು ನೋಡಿ ಗ್ಯಾಸಿನ ಪ್ರಮಾಣ ತಿಳಿಯಬೇಕು. ನೆಲದೊಳಗೆ ಹೂತ ಗುಮ್ಮಟದ ಸ್ಥಾವರದಲ್ಲಿ ಎದ್ದು ಕಾಣುವಂಥದ್ದು ಏನೂ ಇಲ್ಲ. ಅಲ್ಲಿ ಗ್ಯಾಸು ತುಂಬಿದಂತೆ ಒತ್ತಡ ಏರಿ ಹತ್ತಿರಹತ್ತಿರ ಒಂದು ಮೀಟರ್ ನೀರಿನವರೆಗೂ ಹೋಗಬಹುದು. ಅದಕ್ಕೇ ಅಂಥ ಮನೆಗಳ ಅಡುಗೆಮನೆಯ ಗೋಡೆಗೆ ಬಣ್ಣದ ನೀರಿನ ಬಾಗಿದ ಟ್ಯೂಬು ಬಡಿದಿರುತ್ತಾರೆ. ಮುದ್ದೆಗೆ ಎಸರಿಡುವ ಮೊದಲು ಗೃಹಿಣಿ ಆ ಕಡೆ ಒಮ್ಮೆ ನೋಡಿ, ಇವತ್ತಿನ ಅಡುಗೆಗೆ ಸಾಕಾದೀತೇ ಎಂದು ಅಂದಾಜು ಹಾಕುತ್ತಾಳೆ. ಭೌತಶಾಸ್ತ್ರದ ಉಪಕರಣವೊಂದು ಇಷ್ಟು ಸಹಜವಾಗಿ ಮನೆಬಳಕೆಗೆ ಬಂದ ಉದಾಹರಣೆ ಅಪರೂಪ.

ಹೆಚ್ಚಿನ ಒತ್ತಡಕ್ಕೆ ಮಾತ್ರ ಈ ಕೊಳವೆ ಒಗ್ಗುವುದಿಲ್ಲ. ಯಲಹಂಕದಲ್ಲಿ ಕರ್ನಾಟಕ ವಿದ್ಯುತ್ ನಿಗಮದ 370 ಮೆಗಾವಾಟ್ ಸ್ಥಾವರ ಇದೆ. ಅನಿಲದಿಂದ ವಿದ್ಯುತ್ ತೆಗೆಯುವ ರಾಜ್ಯದ ಮೊದಲ ಸ್ಥಾವರವಾದ ಇದನ್ನು ಮುಖ್ಯಮಂತ್ರಿ ಸಿದ್ದರಾಮಯ್ಯ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟಿಸಿದರು. ಇಂಥ ಟರ್ಬೈನುಗಳಿಗೆ ಬೇಕಾದ ಗ್ಯಾಸಿನ ಒತ್ತಡ ಹತ್ತಾರು ಬಾರ್. 30 ಬಾರನ್ನು ನೀರಿನಿಂದ ಅಳೆಯಹೊರಟರೆ 300 ಮೀಟರಿಗೂ ಎತ್ತರದ ಕೊಳವೆ ನಿಲ್ಲಿಸಬೇಕು, ನೀರಿಗಿಂತ 13.6 ಪಟ್ಟು ಭಾರದ ಪಾದರಸದಿಂದಾದರೂ 22 ಮೀಟರ್. ಫ್ರಾನ್ಸಿನ ಲೂಯಿ ಕೈಯೆತೆ ಇದಕ್ಕೂ ಹೆದರಲಿಲ್ಲ. 1891ರಲ್ಲಿ ಐಫೆಲ್ ಗೋಪುರದ ಉದ್ದಕ್ಕೂ 300 ಮೀಟರ್ ಉಕ್ಕಿನ ಕೊಳವೆ ಹಾಯಿಸಿ, ಪಾದರಸ ಏರಿಸಿ, 400 ವಾತಾವರಣದಷ್ಟು ಒತ್ತಡ ಅಳೆಯುವ ಮ್ಯಾನೋಮೀಟರ್ ಮಾಡಿದ. ಉಳಿದವರಿಗೆ ಯೂಜೀನ್ ಬೂರ್ದೋನ್ 1849ರಲ್ಲಿ ಪೇಟೆಂಟ್ ಪಡೆದ ಮುಳ್ಳಿನ ಗೇಜೇ ಗತಿ. ಆದರೆ ಆ ಗೇಜು ಸರಿಯಾಗಿದೆಯೇ ಎಂದು ಹೇಳಲು ಇನ್ನೊಂದು ಅಳತೆ ಬೇಕು. ನೀರಿನ ಕೊಳವೆಗೆ ಒಂದು ಸ್ಕೇಲು ಸಾಕು.

ಪಾದರಸದ ಕಾಲ ಮುಗಿಯುತ್ತ ಬಂದಿದೆ. 2013ರ ಮಿನಮಾಟಾ ಒಪ್ಪಂದ, ಹಂತಹಂತವಾಗಿ ಕೈಬಿಡಬೇಕಾದ ಪಾದರಸದ ವಸ್ತುಗಳ ಪಟ್ಟಿಯಲ್ಲಿ ಮ್ಯಾನೋಮೀಟರನ್ನೂ ಸೇರಿಸಿದೆ. ಭಾರತ 2018ರಲ್ಲಿ ಅದಕ್ಕೆ ಒಪ್ಪಿಗೆಯ ಮುದ್ರೆ ಒತ್ತಿತು. ಗ್ಯಾಸ್ ಫಿಟ್ಟರಿಗೆ ಇದರಿಂದ ನಷ್ಟವೇನಿಲ್ಲ. ಅವನ ಒತ್ತಡಕ್ಕೆ ನೀರೇ ಸರಿಯಾದ ದ್ರವ. ಕೈಗೆ ಅಡಕವಾಗುವ ಡಿಜಿಟಲ್ ಮ್ಯಾನೋಮೀಟರುಗಳೂ ಬಂದಿವೆ. ಕಾಲಕಾಲಕ್ಕೆ ತಪಾಸಣೆಯಾಗಿ ಪ್ರಮಾಣಪತ್ರ ಇದ್ದರೆ ಅವೂ ನಂಬಿಕೆಗೆ ಅರ್ಹ. ಪ್ರಮಾಣಪತ್ರದ ದಿನಾಂಕ ಮೀರಿದ ಡಿಜಿಟಲ್ ಅಂಕಿಗಿಂತ ಟ್ಯೂಬಿನ ನೀರು ಮೇಲು.

ಮನೆಯವರು ತಾವೇ ಟ್ಯೂಬು ತಂದು ಗ್ಯಾಸಿಗೆ ಸಿಕ್ಕಿಸಬಾರದು. ಕೆಟ್ಟ ರೆಗ್ಯುಲೇಟರಿನಿಂದ ಒತ್ತಡ ಜಾಸ್ತಿ ಬಂದರೆ ನೀರು ಚಿಮ್ಮಿಹೋಗಿ, ಅದರ ಹಿಂದೆಯೇ ಗ್ಯಾಸು ಅಡುಗೆಮನೆಗೆ ನುಗ್ಗುತ್ತದೆ. ಅದು ಕಸುಬುದಾರರ ಕೆಲಸ. ಮನೆಯವರದು ನೋಡುವ, ಕೇಳುವ ಕೆಲಸ. ಹೊಸ ಸಂಪರ್ಕ ಕೊಡುವಾಗ, ಅಡುಗೆಮನೆ ನವೀಕರಿಸಿ ಪೈಪು ಸರಿಸಿದಾಗ, ಮ್ಯಾನೋಮೀಟರ್ ಪರೀಕ್ಷೆ ನಿಮ್ಮೆದುರೇ ಮಾಡುವಂತೆ ಕೇಳಿ. ಗಾಳಿ ತುಂಬಿ ಸ್ವಲ್ಪ ಹೊತ್ತು ಬಿಟ್ಟರೇ, ಎರಡೂ ಕಡೆಯ ಮಟ್ಟ ಬರೆದುಕೊಂಡರೇ, ಪೈಪಿನ ಮೇಲೆ ಬಿಸಿಲು ಬೀಳುತ್ತಿತ್ತೇ ಎಂದು ಗಮನಿಸಿ. ನೀರು ನಿಂತಲ್ಲೇ ನಿಂತಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಕಾಗದಕ್ಕೆ ಸಹಿ ಹಾಕಿ.